ನಮ್ಮೂರಿನಿಂದ ಮೃಗಾಲಯ ಎಷ್ಟು ದೂರ? ನಕಾಶೆ ಹಾಕಿ ನೋಡಿದ ಲೆಕ್ಕ



ಕಳೆದ ಮಾಸಿಕ ಸಭೆಯಲ್ಲಿ ದೀಪಾವಳಿ ರಜೆಯ ಮಕ್ಕಳ ಪ್ರವಾಸದ ವಿಷಯ ಬಂದಾಗ ಆದ ಗದ್ದಲ ಹಾಜರಿದ್ದವರಿಗೆಲ್ಲ ನೆನಪಿರಬಹುದು. ಮಕ್ಕಳಿಗೆ ಮೃಗಾಲಯ ತೋರಿಸಬೇಕು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಯಾವ ಊರಿನದು ಎಂಬಲ್ಲಿಗೆ ಬಂದಾಗ ಮಾತು ಒಡೆಯಿತು. ಹಿರಿಯರು ಹೈದರಾಬಾದ್ ಎಂದರು. ಹುಲಿ, ಸಿಂಹ, ಆನೆ ಎಲ್ಲ ಒಂದೇ ಕಡೆ ಸಿಗುತ್ತವೆ ಎಂಬುದು ಅವರ ವಾದ. ಕೆಲವರು ಕಲಬುರಗಿ ಹತ್ತಿರ ಎಂದರು. ಇಬ್ಬರು ಸೋಲಾಪುರದ ಹೆಸರು ತೆಗೆದರು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ತಾಯಿ ಎದ್ದು ನಿಂತು, "ಹತ್ರ ಹತ್ರ ಅಂತೀರಿ, ಯಾರಿಗಿ ಹತ್ರ? ಗಾಡಿ ಇದ್ದೋರಿಗಿ ಏನ್ ನಮಗ?" ಎಂದು ಕೇಳಿದರು. ಸಭೆ ಒಂದು ಕ್ಷಣ ಸುಮ್ಮನಾಯಿತು. ಆ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆವು. ಉತ್ತರದ ಜಾಗ ಖಾಲಿ ಬಿಡಬೇಕಾಯಿತು.

ಆಮೇಲೆ ವಿಚಾರಿಸಿದಾಗ ತಿಳಿದದ್ದೇನೆಂದರೆ, ಆ ತಾಯಿ ಕೇಳಿದ ಪ್ರಶ್ನೆಯನ್ನೇ ದೊಡ್ಡ ದೊಡ್ಡ ನಗರಗಳಲ್ಲಿ ಭೂಗೋಳ ಶಾಸ್ತ್ರದವರು ನಕಾಶೆ ಇಟ್ಟುಕೊಂಡು ಅಭ್ಯಾಸ ಮಾಡುತ್ತಾರೆ. ಉದ್ಯಾನ, ಆಸ್ಪತ್ರೆ, ಗ್ರಂಥಾಲಯ, ಮೃಗಾಲಯ ಇಂಥವು ಊರಿನಲ್ಲಿ ಇವೆ ಎಂದು ಕಾಗದದಲ್ಲಿ ಬರೆದರೆ ಆಗಲಿಲ್ಲ, ಯಾವ ಬಡಾವಣೆಯ ಯಾವ ಮನೆಯವರು ಎಷ್ಟು ಸಲೀಸಾಗಿ ಅಲ್ಲಿಗೆ ಹೋಗಿ ಬರಬಲ್ಲರು ಎಂಬುದನ್ನು ಅಳೆಯಬೇಕು ಎನ್ನುವುದು ಅದರ ತಿರುಳು. ಇದಕ್ಕೆ ಬಳಸುವ ಗಣಕಯಂತ್ರದ ವ್ಯವಸ್ಥೆಗೆ ಜಿಐಎಸ್, ಎಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ ಎನ್ನುತ್ತಾರೆ. ನಮ್ಮ ಸದಸ್ಯರೊಬ್ಬರ ಮೊಮ್ಮಗಳು ಲಾತೂರಿನಲ್ಲಿ ಭೂಗೋಳ ಓದುತ್ತಿದ್ದಾಳೆ. ಎರಡು ಭಾನುವಾರ ಸಂಘದ ಕೋಣೆಯಲ್ಲಿ ಕುಳಿತು ನಮಗೆ ಇದನ್ನು ಕಲಿಸಿದಳು. ನಾವು ಕಲಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇವೆ. ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಗದಪತ್ರ ನೋಡಿದ ಅಭ್ಯಾಸ. ಆ ಹುಡುಗಿ ಬರುವ ಮೊದಲೇ ಗೋಡೆಯ ನಕಾಶೆ ಇಳಿಸಿ, ಕೈವಾರ ಹಿಡಿದು, ಔರಾದ ಶಹಾಜನಿಯನ್ನು ನಡುವೆ ಇಟ್ಟು ಸುತ್ತು ಎಳೆದಿದ್ದೆವು. ನೇರ ಗೆರೆಯಲ್ಲಿ ಕಲಬುರಗಿ ಸುಮಾರು 85 ಕಿ.ಮೀ., ಸೋಲಾಪುರ ಸುಮಾರು 115, ಹೈದರಾಬಾದಿನ ಮೃಗಾಲಯ ಸುಮಾರು 185. ಕಲಬುರಗಿಯೇ ಹತ್ತಿರ, ವಿಷಯ ಮುಗಿಯಿತು ಎಂದು ಖುಷಿಪಟ್ಟಿದ್ದೆವು. ಅವಳು ನೋಡಿ ನಕ್ಕಳು. "ಕಾಕಾ, ಇದು ಹದ್ದಿನ ಲೆಕ್ಕ ಅದರಿ. ಹದ್ದಿಗಿ ತಿಕೀಟ್ ಬ್ಯಾಡ, ಪೂಲ್ ಬ್ಯಾಡ. ನಮಗ ಎರಡೂ ಬೇಕಲ್ರಿ?"

ಸರಿಯೇ. ನಮ್ಮ ಭಾಗದಲ್ಲಿ ತೇರಣಾ ಮತ್ತು ಮಾಂಜ್ರಾ ನದಿಗಳಿವೆ. ಕೈವಾರದ ಗೆರೆ ನದಿಯನ್ನು ಎಲ್ಲಿ ಬೇಕಾದರೂ ದಾಟುತ್ತದೆ, ಬಸ್ಸು ಸೇತುವೆ ಇದ್ದಲ್ಲಿ ಮಾತ್ರ ದಾಟುತ್ತದೆ. ಕಲಬುರಗಿಗೆ ನಾವು ಬಸವಕಲ್ಯಾಣದ ಕಡೆಯಿಂದಲೋ ಭಾಲ್ಕಿ, ಹುಮನಾಬಾದದ ಕಡೆಯಿಂದಲೋ ಸುತ್ತಿ ಹೋಗುವವರು. ರಸ್ತೆ ಹಿಡಿದರೆ ಆ 85 ನೂರು ದಾಟುತ್ತದೆ. ಹೀಗೆ ರಸ್ತೆಯ ದೂರವನ್ನು ನೇರ ದೂರದಿಂದ ಭಾಗಿಸಿದರೆ ಬರುವ ಅಂಕಿಗೆ ಸುತ್ತಿನ ಪ್ರಮಾಣ ಎನ್ನಬಹುದು. ಬಯಲು ಸೀಮೆಯಲ್ಲಿ ಸಾಮಾನ್ಯವಾಗಿ ಒಂದೂಕಾಲು ಪಟ್ಟಿನ ಆಸುಪಾಸು ಇರುತ್ತದೆ. ನದಿ, ಗುಡ್ಡ, ರೈಲು ಹಳಿ ಅಡ್ಡ ಬಂದಲ್ಲಿ ಏರುತ್ತದೆ.

ಆದ್ದರಿಂದ ಅಭ್ಯಾಸ ಮಾಡುವವರು ಸುತ್ತು ಎಳೆಯುವುದನ್ನು ಬಿಟ್ಟು ರಸ್ತೆಯ ಜಾಲದ ಮೇಲೆ ಲೆಕ್ಕ ಹಾಕುತ್ತಾರೆ. ಪ್ರತಿ ರಸ್ತೆಯ ತುಂಡಿಗೂ ಉದ್ದ ಎಷ್ಟು, ಅದರಲ್ಲಿ ಎಷ್ಟು ವೇಗದಲ್ಲಿ ಹೋಗಬಹುದು ಎಂದು ಬರೆದಿಟ್ಟರೆ, ಒಂದು ಜಾಗದಿಂದ ಇನ್ನೊಂದಕ್ಕೆ ಅತಿ ಕಡಿಮೆ ಸಮಯದ ದಾರಿಯನ್ನು ಗಣಕಯಂತ್ರ ಹುಡುಕಿ ಕೊಡುತ್ತದೆ. ಈ ಹುಡುಕುವ ವಿಧಾನವನ್ನು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದರು. ಇಂದು ನಿಮ್ಮ ಮೊಬೈಲು ದಾರಿ ತೋರಿಸುವುದರ ಬುಡದಲ್ಲೂ ಅದೇ ಬಗೆಯ ಲೆಕ್ಕವಿದೆ. ರಸ್ತೆಗಳ ನಕಾಶೆಗೆ ಹಣ ಕೊಡಬೇಕಿಲ್ಲ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದನ್ನು ಜಗತ್ತಿನ ತುಂಬ ಜನ ತಾವೇ ಕೂಡಿ ಬರೆಯುತ್ತಿದ್ದಾರೆ. ಅದನ್ನು ತೆರೆದು ಲೆಕ್ಕ ಮಾಡಲು ಕ್ಯೂಜಿಐಎಸ್ ಎಂಬ ತಂತ್ರಾಂಶವೂ ಉಚಿತ. ಅರ್ಧ ಗಂಟೆಯಲ್ಲಿ ಎಲ್ಲಿವರೆಗೆ ಹೋಗಬಹುದು, ಒಂದು ಗಂಟೆಯಲ್ಲಿ ಎಲ್ಲಿವರೆಗೆ ಎಂದು ಬೇರೆ ಬೇರೆ ಬಣ್ಣ ಹಾಕಿಸಬಹುದು. ಹಾಗೆ ಹಾಕಿಸಿದ ನಕಾಶೆ ದುಂಡಗೆ ಇರುವುದಿಲ್ಲ. ದೊಡ್ಡ ರಸ್ತೆಗಳ ಗುಂಟ ಬೆರಳು ಚಾಚಿದ ಹಾಗೆ, ನಡುನಡುವೆ ಒಳಗೆ ಸರಿದ ಹಾಗೆ, ಒದ್ದೆ ಅಂಗೈ ಊರಿದ ಗುರುತಿನಂತೆ ಕಾಣುತ್ತದೆ.

ನಮ್ಮ ಊರಿನ ಲೆಕ್ಕಕ್ಕೆ ಬರುವ ಮುನ್ನ, ನಗರಗಳಲ್ಲಿ ಇದು ಏನು ತೋರಿಸುತ್ತದೆ ಎಂಬುದಕ್ಕೆ ಕರ್ನಾಟಕದ ಎರಡು ಊರು ತೆಗೆದುಕೊಳ್ಳೋಣ. ಹೆಚ್ಚಿನ ಸದಸ್ಯರು ನೋಡಿರುವ ಊರುಗಳೇ.

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ 1892ರದ್ದು. ಆಗ ಊರು ಸಣ್ಣದು, ಮೃಗಾಲಯ ಅರಮನೆಯ ಹತ್ತಿರದಲ್ಲೇ ಆಯಿತು. ಊರು ಬೆಳೆದು ಅದನ್ನು ಸುತ್ತುಗಟ್ಟಿತು. ಇಂದು ಮೈಸೂರಿನ ಬಸ್ ನಿಲ್ದಾಣದಲ್ಲಿ ಇಳಿದು, ಅರಮನೆ ನೋಡಿ, ನಡೆದೇ ಹೋಗಬಹುದು. ಬೆಂಗಳೂರಿನದು ಬೇರೆ ಕಥೆ. ಅಲ್ಲೂ ಒಂದು ಕಾಲಕ್ಕೆ ಲಾಲ್‌ಬಾಗಿನಲ್ಲಿ ಪ್ರಾಣಿಗಳನ್ನು ಇಟ್ಟಿದ್ದರು. ಈಗಿನ ಮೃಗಾಲಯ ಇರುವುದು ಬನ್ನೇರುಘಟ್ಟದಲ್ಲಿ, ನಗರದ ನಡುವಿನಿಂದ ಸುಮಾರು 22 ಕಿ.ಮೀ. ದಕ್ಷಿಣಕ್ಕೆ. ಮೆಜೆಸ್ಟಿಕ್‌ನಿಂದ 365 ನಂಬರಿನ ಬಸ್ಸು ಹೋಗುತ್ತದೆ. ಜೆ.ಪಿ. ನಗರದವರಿಗೆ ಅದು ಪಕ್ಕದ ರಸ್ತೆ. ಉತ್ತರದ ಯಲಹಂಕದವರಿಗೆ ನೇರ ಗೆರೆಯಲ್ಲೇ ಮೂವತ್ತು ಕಿ.ಮೀ. ದಾಟುತ್ತದೆ, ಅದೂ ಇಡೀ ಬೆಂಗಳೂರಿನ ವಾಹನಗಳ ನಡುವೆ ಹಾದು. ಇಬ್ಬರೂ ಬೆಂಗಳೂರಿನವರೇ. ಹೈದರಾಬಾದೂ ಹೀಗೆಯೇ. ಮೊದಲು ಪಬ್ಲಿಕ್ ಗಾರ್ಡನ್‌ನಲ್ಲಿದ್ದ ಪ್ರಾಣಿಗಳು ಮೀರ್ ಆಲಂ ಕೆರೆಯ ಬಳಿ 380 ಎಕರೆಯ ನೆಹರು ಮೃಗಾಲಯಕ್ಕೆ ಹೋದವು. ಅದು ಜನರಿಗೆ ತೆರೆದದ್ದು 1963ರಲ್ಲಿ. ಪ್ರಾಣಿಗಳಿಗೆ ವಿಶಾಲ ಜಾಗ ಬೇಕು, ವಿಶಾಲ ಜಾಗ ಊರ ಹೊರಗೇ ಸಿಗುತ್ತದೆ. ಪ್ರಾಣಿಗೆ ಒಳ್ಳೆಯದಾದದ್ದು ಬಸ್ಸಿನಲ್ಲಿ ಬರುವ ಬಡವನಿಗೆ ದೂರವಾಗುತ್ತದೆ. ಈ ಎಳೆದಾಟದಲ್ಲಿ ಯಾರ ಪಾಲಿಗೆ ಏನು ಬಂತು ಎಂದು ಕಣ್ಣಿಗೆ ಕಾಣುವಂತೆ ಮಾಡುವುದಕ್ಕೇ ನಕಾಶೆ ಬೇಕಾಗುವುದು.

ಬೆಂಗಳೂರಿನ ಉದಾಹರಣೆಯಲ್ಲಿ ನಮಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಬನ್ನೇರುಘಟ್ಟ ಇರುವುದು ಆನೇಕಲ್ ತಾಲೂಕಿನಲ್ಲಿ, ಹಿಂದೆ ಇದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳ ಗಡಿಯ ಆಚೆ. ಯಾರಾದರೂ ಆ ಪಾಲಿಕೆಯ ನಕಾಶೆ ಮಾತ್ರ ಇಟ್ಟುಕೊಂಡು ಗಡಿಗೆ ಕತ್ತರಿ ಹಾಕಿ ಲೆಕ್ಕ ಮಾಡಿದರೆ, 2011ರ ಜನಗಣತಿಯಲ್ಲಿ 84 ಲಕ್ಷ ಜನರಿದ್ದ ನಗರಕ್ಕೆ ಬನ್ನೇರುಘಟ್ಟದ ಮೃಗಾಲಯವೇ ಇಲ್ಲ ಎಂಬ ಉತ್ತರ ಬರುತ್ತದೆ! ಅದಕ್ಕೇ ಅಭ್ಯಾಸದ ಗಡಿಯ ಹೊರಗೂ ಸಾಕಷ್ಟು ಪ್ರದೇಶ ಸೇರಿಸಿಕೊಂಡು ಲೆಕ್ಕ ಮಾಡಬೇಕು ಎಂಬ ನಿಯಮವಿದೆ. ಗಡಿಯಲ್ಲಿ ಕುಳಿತಿರುವ ನಮಗೆ ಈ ಮಾತು ಎಷ್ಟು ತಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇವೆ.

ಚುಕ್ಕೆ ಎಲ್ಲಿ ಇಡಬೇಕು ಎಂಬುದೂ ಸಣ್ಣ ವಿಷಯವಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಸುಮಾರು 260 ಚದರ ಕಿ.ಮೀ. ಅದರ ನಡುಮಧ್ಯಕ್ಕೆ ಚುಕ್ಕೆ ಇಟ್ಟರೆ ಗಣಕಯಂತ್ರ ಜನರನ್ನು ಕಾಡಿನೊಳಗೆ ಇಳಿಸುತ್ತದೆ. ಚುಕ್ಕೆ ಟಿಕೆಟ್ ಕೊಡುವ ಗೇಟಿನ ಮೇಲೆ ಇರಬೇಕು. ಜನರ ಕಡೆಯೂ ಹಾಗೆಯೇ, ಒಂದು ವಾರ್ಡಿನ ಎಲ್ಲರೂ ಅದರ ನಡುವಿನ ಒಂದು ಚುಕ್ಕೆಯಲ್ಲಿ ವಾಸಿಸುತ್ತಾರೆ ಎಂದುಕೊಂಡರೆ, ಆ ಚುಕ್ಕೆ ಕೆರೆಯೊಳಗೂ ಬೀಳಬಹುದು. ಜನಸಂಖ್ಯೆಯಂತೂ 2011ರದ್ದೇ ಹಿಡಿಯಬೇಕು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಅಲ್ಲಿಂದೀಚೆ ಎದ್ದ ಬಡಾವಣೆಗಳ ಜನ ಆ ಲೆಕ್ಕದಲ್ಲಿ ಇಲ್ಲ.

ಇನ್ನು, ಹತ್ತಿರ ಇದ್ದ ಮಾತ್ರಕ್ಕೆ ಸಾಕೇ? ರೇಷನ್ ಅಂಗಡಿಯನ್ನೇ ನೋಡಿ. ಮನೆಯ ಮುಂದೆಯೇ ಅಂಗಡಿ ಇದ್ದರೂ ಆ ಒಂದೇ ಅಂಗಡಿಗೆ ಎರಡು ಸಾವಿರ ಕಾರ್ಡು ಹಚ್ಚಿದ್ದರೆ ನಿಮ್ಮ ಸರತಿ ಬರುವಷ್ಟರಲ್ಲಿ ಮಧ್ಯಾಹ್ನ. ಒಂದು ಮೈಲಿ ದೂರದ ಅಂಗಡಿಗೆ ಮುನ್ನೂರೇ ಕಾರ್ಡಿದ್ದರೆ ಅದೇ ವಾಸಿ. ಈ ಬುದ್ಧಿಯನ್ನೇ ಲೆಕ್ಕಕ್ಕೆ ಇಳಿಸಿದ ಎರಡು ಹಂತದ ಒಂದು ವಿಧಾನ ಈಗ ಬಹಳ ಚಾಲ್ತಿಯಲ್ಲಿದೆ. ಮೊದಲು ಮೃಗಾಲಯದ ಗೇಟಿನಲ್ಲಿ ನಿಂತು, ಒಂದು ಗಂಟೆಯೊಳಗೆ ಇಲ್ಲಿಗೆ ಬರಬಲ್ಲವರು ಒಟ್ಟು ಎಷ್ಟು ಜನ ಎಂದು ಎಣಿಸುತ್ತಾರೆ. 100 ಎಕರೆಯ ಮೃಗಾಲಯಕ್ಕೆ 10 ಲಕ್ಷ ಜನರಿದ್ದರೆ ಲಕ್ಷಕ್ಕೆ 10 ಎಕರೆ ಪಾಲು. ಆಮೇಲೆ ಮನೆಯ ಬಾಗಿಲಲ್ಲಿ ನಿಂತು, ಇಲ್ಲಿಂದ ಒಂದು ಗಂಟೆಯೊಳಗೆ ಯಾವ ಯಾವ ಮೃಗಾಲಯ ಸಿಗುತ್ತವೆ, ಅವುಗಳ ಪಾಲು ಕೂಡಿಸಿದರೆ ನಮಗೆ ಎಷ್ಟು ಎಂದು ನೋಡುತ್ತಾರೆ. ಆ ಒಂದು ಗಂಟೆ ಎನ್ನುವುದು ಕೂಡ ಕಣ್ಣುಮುಚ್ಚಿ ಇಡುವಂಥದ್ದಲ್ಲ. ರೇಷನ್ನಿಗೆ ತಿಂಗಳು ತಿಂಗಳು ಹೋಗುತ್ತೇವೆ, ಮೃಗಾಲಯಕ್ಕೆ ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ವರ್ಷಕ್ಕೊಮ್ಮೆಗೆ ಎರಡು ತಾಸು ಕೂತು ಹೋಗಲು ಜನ ತಯಾರಿರುತ್ತಾರೆ. ದೊಡ್ಡ ಮೃಗಾಲಯವಾದರೆ ಇನ್ನೂ ದೂರ ಹೋಗುತ್ತಾರೆ. ಬದನೆಕಾಯಿಗೆ ಊರ ಸಂತೆ, ಮದುವೆ ಬಟ್ಟೆಗೆ ಲಾತೂರ ಎನ್ನುವುದಿಲ್ಲವೇ, ಹಾಗೆ. ಸ್ಥಳದ ಆಕರ್ಷಣೆ ಹೆಚ್ಚಿದಷ್ಟೂ ದೂರದ ಭಾರ ಕಡಿಮೆಯಾಗುವ ಈ ಲೆಕ್ಕವನ್ನು ಅಮೆರಿಕದ ನಗರ ಯೋಜಕ ಹ್ಯಾನ್ಸನ್ 1959ರಷ್ಟು ಹಿಂದೆಯೇ ಬರೆದಿದ್ದರು.

ಈಗ ನಮ್ಮ ಊರಿಗೆ ಬರುತ್ತೇವೆ. ಇಲ್ಲಿ ಕೆಲಸ ಶುರುವಾದದ್ದೇ ಒಂದು ಎಡವಟ್ಟಿನಿಂದ. ಹುಡುಗಿ 'ಔರಾದ' ಎಂದು ಬರೆದು ಹುಡುಕಲು ಕೊಟ್ಟಳು. ಗಣಕಯಂತ್ರ ಬೀದರ ಜಿಲ್ಲೆಯ ಔರಾದ ತಾಲೂಕಿಗೆ ಹೋಗಿ ಕೂತಿತು. ನಮ್ಮ ಔರಾದಿಗೂ ಆ ಔರಾದಿಗೂ ನೇರ ಗೆರೆಯಲ್ಲೇ ಐವತ್ತು ಕಿ.ಮೀ.ಗಿಂತ ಹೆಚ್ಚು. ಹಳೇ ಸದಸ್ಯರಿಗೆ ಇದು ಹೊಸದಲ್ಲ, ಅಂಚೆಯ ಕಾಗದಗಳು ಎಷ್ಟು ಸಲ ಅಲ್ಲಿ ಇಲ್ಲಿ ಸುತ್ತಿ ಬಂದಿವೆ! ನಕಾಶೆಗೆ ವಿಳಾಸ ಕೊಡುವಾಗ ಹೆಸರನ್ನು ನಂಬಬಾರದು, ಚುಕ್ಕೆ ಬಿದ್ದ ಮೇಲೆ ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಬೇಕು ಎಂದು ಅವಳು ವಹಿಯಲ್ಲಿ ಕೆಂಪಕ್ಷರದಲ್ಲಿ ಬರೆಸಿದಳು.

ಎರಡನೆಯದು ಮೃಗಾಲಯಗಳ ಪಟ್ಟಿ. ದೇಶದ ಮೃಗಾಲಯಗಳಿಗೆ ಮಾನ್ಯತೆ ಕೊಡುವುದು 1992ರಲ್ಲಿ ಸ್ಥಾಪನೆಯಾದ ಕೇಂದ್ರ ಮೃಗಾಲಯ ಪ್ರಾಧಿಕಾರ. ಕರ್ನಾಟಕದಲ್ಲಿ ಕಲಬುರಗಿ, ಗದಗ, ಬೆಳಗಾವಿ, ಹಂಪಿ ಮೊದಲಾದ ಕಡೆಯ ಮೃಗಾಲಯಗಳನ್ನು ನಡೆಸುವುದು ರಾಜ್ಯದ ಮೃಗಾಲಯ ಪ್ರಾಧಿಕಾರ. ನಾವು ಚಿಕ್ಕವರಿದ್ದಾಗ ನೋಡಿದ್ದೆವು ಎಂಬ ನೆನಪಿನ ಮೇಲೆ ಚುಕ್ಕೆ ಹಾಕುವಂತಿಲ್ಲ. ಆದ್ದರಿಂದ ಸೋಲಾಪುರವನ್ನು ಸದ್ಯ ಬದಿಗಿಟ್ಟಿದ್ದೇವೆ, ಚಾಲ್ತಿ ಪಟ್ಟಿ ನೋಡಿದ ಮೇಲೆಯೇ ಸೇರಿಸುವುದು. ಹೆಸರು ಸೂಚಿಸಿದವರು ಬೇಸರಪಡಬಾರದು.

ಮೂರನೆಯದೇ ನಿಜವಾದ ತೊಡಕು. ಸಂಘದ ಗೋಡೆಯ ಮೇಲೆ ಇರುವುದು ಲಾತೂರ ಜಿಲ್ಲೆಯ ನಕಾಶೆ. ಅದರಲ್ಲಿ ನಮ್ಮ ಊರು ತುದಿಯಲ್ಲಿದೆ, ಅದರಾಚೆ ಬಿಳಿ ಕಾಗದ. ಬೀದರ ಜಿಲ್ಲೆಯ ನಕಾಶೆ ತರಿಸಿದೆವು. ಅದರಲ್ಲಿ ಭಾಲ್ಕಿ, ಬಸವಕಲ್ಯಾಣ ಎಲ್ಲ ಬಣ್ಣಬಣ್ಣದಲ್ಲಿವೆ, ನಮ್ಮ ಜಾಗದಲ್ಲಿ ಬಿಳಿ ಕಾಗದ. 1956ರವರೆಗೆ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದ ಜಿಲ್ಲೆಗೆ ಸೇರಿ, 1982ರಲ್ಲಿ ಲಾತೂರ ಜಿಲ್ಲೆಗೆ ಬಂದೆವು. ನಮ್ಮ ಹೆಣ್ಣುಮಕ್ಕಳನ್ನು ಕೊಟ್ಟದ್ದು ತಂದದ್ದು ಆ ಕಡೆ, ಆಸ್ಪತ್ರೆಗೆ ಹೋಗುವುದು ಆ ಕಡೆ, ರೈಲು ಹತ್ತುವುದು ಭಾಲ್ಕಿಯಲ್ಲಿ. ನಕಾಶೆ ಮಾತ್ರ ಗಡಿಗೆ ಬಂದು ನಿಲ್ಲುತ್ತದೆ. ಕೊನೆಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎರಡೂ ಕಡೆಯ ರಸ್ತೆ ಒಂದೇ ಹಾಳೆಯ ಮೇಲೆ ಸಿಕ್ಕವು.

ರಸ್ತೆ ಕೂಡಿತು, ಬಸ್ಸು ಕೂಡಲಿಲ್ಲ. ಅಕ್ಕ ತಂಗಿಯರಿಬ್ಬರನ್ನು ಊಹಿಸಿಕೊಳ್ಳಿ. ಅಕ್ಕನ ಮನೆ ಭಾಲ್ಕಿಯಲ್ಲಿ, ತಂಗಿಯ ಮನೆ ಔರಾದ ಶಹಾಜನಿಯಲ್ಲಿ. ಇಬ್ಬರೂ ಮಕ್ಕಳನ್ನು ಕರೆದುಕೊಂಡು ಕಲಬುರಗಿಯ ಮೃಗಾಲಯಕ್ಕೆ ಹೊರಟರು. ಅಕ್ಕನಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಿದೆ, ಕರ್ನಾಟಕದ ಗುರುತಿನ ಚೀಟಿ ತೋರಿಸಿದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಅವಳ ಟಿಕೆಟ್ಟು ಸೊನ್ನೆ. ತಂಗಿಗೆ ಮಹಾರಾಷ್ಟ್ರದ ಎಸ್‌ಟಿಯಲ್ಲಿ 2023ರ ಮಾರ್ಚ್‌ನಿಂದ ಅರ್ಧ ಟಿಕೆಟ್ಟಿನ ಸವಲತ್ತಿದೆ, ಅದು ಮಹಾರಾಷ್ಟ್ರದ ಗಡಿಯವರೆಗೆ. ಆಮೇಲೆ ಕರ್ನಾಟಕದ ಬಸ್ಸಿನಲ್ಲಿ ಪೂರ್ತಿ ಟಿಕೆಟ್ಟು. ಎರಡು ಸರಕಾರಗಳೂ ಹೆಣ್ಣುಮಕ್ಕಳಿಗೆ ಒಳ್ಳೆಯದನ್ನೇ ಮಾಡಿವೆ, ಆದರೆ ಗಡಿ ದಾಟುವವಳು ಎರಡರ ನಡುವೆ ಬೀಳುತ್ತಾಳೆ. ಕಿಲೋಮೀಟರು ಲೆಕ್ಕ ಹಾಕುವ ನಕಾಶೆಯಲ್ಲಿ ಅಕ್ಕ ತಂಗಿಯರ ನಡುವೆ ಹೆಚ್ಚು ಅಂತರ ಕಾಣುವುದಿಲ್ಲ. ರೂಪಾಯಿ ಲೆಕ್ಕದ ನಕಾಶೆ ಹಾಕಿದರೆ ಒಬ್ಬಳು ಗೇಟಿನ ಪಕ್ಕದಲ್ಲಿದ್ದಾಳೆ, ಇನ್ನೊಬ್ಬಳು ಬಹಳ ದೂರ.

ಸಮಯದ ಲೆಕ್ಕವನ್ನೂ ಹಾಕಿದೆವು. ಸ್ವೀಡನ್ನಿನ ಭೂಗೋಳಜ್ಞ ಹ್ಯಾಗರ್‌ಸ್ಟ್ರಾಂಡ್ 1970ರಲ್ಲಿ ಹೇಳಿದ ಒಂದು ವಿಚಾರವನ್ನು ಹುಡುಗಿ ಬಿಡಿಸಿ ಹೇಳಿದಳು. ಮನುಷ್ಯ ಎಷ್ಟು ದೂರ ಹೋಗಬಲ್ಲ ಎಂಬುದನ್ನು ಅವನು ಎಷ್ಟಕ್ಕೆ ಹೊರಡಬಹುದು ಮತ್ತು ಎಷ್ಟರೊಳಗೆ ತಿರುಗಿ ಮನೆಗೆ ಬಂದಿರಬೇಕು ಎಂಬ ಎರಡು ಗಳಿಗೆಗಳು ಕಟ್ಟಿಹಾಕಿರುತ್ತವೆ. ಹಾಗಾದರೆ ಅಳೆಯಬೇಕಾದದ್ದು ಗೇಟಿನ ಒಳಗೆ ಎಷ್ಟು ತಾಸು ಸಿಗುತ್ತದೆ ಎಂಬುದು. ಬೆಳಿಗ್ಗೆ ಆರಕ್ಕೆ ಹೊರಟು ಎರಡು ಕಡೆ ಬಸ್ಸು ಬದಲಿಸಿ ಹತ್ತೂವರೆಗೆ ಕಲಬುರಗಿ ತಲುಪಿದೆವು ಎಂದಿಟ್ಟುಕೊಳ್ಳಿ. ರಾತ್ರಿ ಒಂಬತ್ತರೊಳಗೆ ಮನೆ ಸೇರಬೇಕಾದರೆ ನಾಲ್ಕಕ್ಕೆ ಹೊರಡಬೇಕು. ಐದೂವರೆ ತಾಸು ಕೈಗೆ ಬಂತು, ಬುತ್ತಿ ಬಿಚ್ಚಿ ಉಂಡರೂ ಸಾಕು. ಅದೇ ಹೈದರಾಬಾದಿಗೆ ಬಸ್ಸು ರೈಲು ಹಿಡಿದು ಹೋದರೆ, ಭಾಲ್ಕಿ, ಬೀದರ, ಜಹೀರಾಬಾದ, ವಿಕಾರಾಬಾದ ದಾಟಿ, ಸ್ಟೇಷನ್ನಿನಿಂದ ಬಹಾದುರ್‌ಪುರಾಕ್ಕೆ ಮತ್ತೆ ಸಿಟಿ ಬಸ್ಸು ಹಿಡಿದು ಗೇಟು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಅಂದೇ ತಿರುಗಬೇಕೆಂದರೆ ಒಂದು ತಾಸೂ ಉಳಿಯುವುದಿಲ್ಲ. 380 ಎಕರೆಯನ್ನು ಒಂದು ತಾಸಿನಲ್ಲಿ ಏನು ನೋಡುವುದು? ರಾತ್ರಿ ಉಳಿಯಬೇಕು, ಉಳಿದರೆ ಖರ್ಚು. ಇವು ಅಂದಾಜಿನ ಗಳಿಗೆಗಳು, ಅನುಭವ ಇದ್ದವರು ತಿದ್ದಬೇಕು. ಆದರೆ ಸ್ವಂತ ಗಾಡಿ ಇದ್ದವರು ಇದೇ ಹೈದರಾಬಾದಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರುತ್ತಾರೆ. ಸಭೆಯಲ್ಲಿ ಹೈದರಾಬಾದ್ ಎಂದವರಲ್ಲಿ ಹೆಚ್ಚಿನವರ ಮನೆ ಮುಂದೆ ಗಾಡಿ ಇದೆ. ನಮ್ಮ ಮನೆ ಮುಂದೆಯೂ ಇದೆ, ಹಾಗಾಗಿ ನಾವೂ ಅದೇ ಗುಂಪಿನಲ್ಲಿ ಕೈ ಎತ್ತಿದ್ದೆವು.

ಸಮಯ ಬದಲಾದರೆ ನಕಾಶೆಯೂ ಬದಲಾಗುತ್ತದೆ. 2017ರ ಅಕ್ಟೋಬರಿನಲ್ಲಿ ಬೀದರ ಕಲಬುರಗಿ ನಡುವಿನ 110 ಕಿ.ಮೀ. ರೈಲು ಮಾರ್ಗ ಉದ್ಘಾಟನೆಯಾಯಿತು. ಅದಕ್ಕೆ ಮುಂಚಿನ ನಕಾಶೆಯಲ್ಲಿ ಬಸ್ಸೊಂದೇ ದಾರಿ. ಈಗ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಇನ್ನೊಂದು ದಾರಿ ಇದೆ.

ಇಷ್ಟು ಹೇಳಿ ಕಲಬುರಗಿಯನ್ನು ಹೊಗಳಿ ಕೂರುವುದು ನ್ಯಾಯವಲ್ಲ. ಅಲ್ಲಿಯದು ಸಣ್ಣ ಮೃಗಾಲಯ, ಹೈದರಾಬಾದಿನ ಮುಂದೆ ನಿಲ್ಲುವಂಥದ್ದಲ್ಲ. ಸಿನಿಮಾದಲ್ಲಿ ನೋಡಿದ್ದೆಲ್ಲ ಅಲ್ಲಿ ಇರುತ್ತದೆಂದು ಹೊರಟ ಮಗು ಸಪ್ಪೆ ಮೋರೆ ಹಾಕಿಕೊಂಡು ಬರಬಹುದು. ಆದರೆ ಅಲ್ಲಿ ಪ್ರಾಣಿಯ ಹೆಸರು ಕನ್ನಡದಲ್ಲಿ ಬರೆದಿರುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂಘದ ಭಾನುವಾರದ ತರಗತಿಯಲ್ಲಿ ಅಕ್ಷರ ತಿದ್ದುವ ನಮ್ಮ ಮಕ್ಕಳು ಪಂಜರದ ಮುಂದೆ ನಿಂತು ಹಲಗೆಯನ್ನು ತಾವೇ ಓದಿಕೊಳ್ಳುವುದನ್ನು ಯಾವ ತಂತ್ರಾಂಶದಲ್ಲಿ ಎಷ್ಟು ಅಂಕ ಕೊಟ್ಟು ಕೂಡಿಸುವುದು? ಹುಡುಗಿಯನ್ನು ಕೇಳಿದೆವು. "ಅದಕ್ಕ ಬೇರೆ ಕಾಲಂ ಹಾಕ್ರಿ ಕಾಕಾ, ನೀವೇ ಅಂಕ ಹಾಕ್ರಿ" ಎಂದಳು. ಕಾಲಂ ಹಾಕಿದ್ದೇವೆ.

ಸಂಘದಿಂದಲೇ ಕ್ರೂಜರ್ ಅಥವಾ ಬಸ್ಸು ಗೊತ್ತು ಮಾಡಿದರೆ ಎಲ್ಲ ಮಕ್ಕಳ ದೂರವೂ ಒಂದೇ ಆಗುತ್ತದೆ ಎಂಬ ಸಲಹೆ ಬಂದಿದೆ. ಒಪ್ಪುವಂಥದ್ದೇ. ಆಗ ಪ್ರತಿ ಮಗುವಿನ ವಂತಿಗೆ ಎಷ್ಟು ಬೀಳುತ್ತದೆ, ಕೊಡಲಾಗದವರದ್ದನ್ನು ಯಾರು ತುಂಬುವುದು ಎಂಬುದು ಮುಂದಿನ ಮಾಸಿಕ ಸಭೆಯ ವಿಷಯ ಪಟ್ಟಿಯಲ್ಲಿ ಮೊದಲನೆಯದು. ಪ್ರಶ್ನೆ ಕೇಳಿದ ಆ ತಾಯಿಗೆ ವಿಶೇಷವಾಗಿ ಬರಲು ತಿಳಿಸಿದ್ದೇವೆ.

ಅಷ್ಟರೊಳಗೆ ಸದಸ್ಯರಿಂದ ಒಂದು ಸಹಾಯ ಬೇಕು. ಕಲಬುರಗಿಗೆ ಅಥವಾ ಹೈದರಾಬಾದಿಗೆ ಈಚೆಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಬಂದವರು ಒಂದು ಚೀಟಿಯಲ್ಲಿ ಇಷ್ಟು ಬರೆದು ಕೊಡಿ: ಮನೆ ಬಿಟ್ಟ ವೇಳೆ, ಎಲ್ಲಿ ಬದಲಿಸಿದಿರಿ, ಅಲ್ಲಿ ಎಷ್ಟು ಹೊತ್ತು ಕಾದಿರಿ, ಮುಟ್ಟಿದ ವೇಳೆ, ಒಬ್ಬರಿಗೆ ಆದ ಟಿಕೆಟ್ಟು. ಕಾದ ಹೊತ್ತನ್ನು ಮರೆಯದೆ ಬರೆಯಿರಿ, ನಕಾಶೆಯಲ್ಲಿ ಸಿಗದೇ ಇರುವುದು ಅದೇ. ಉಮರ್ಗಾ ಮತ್ತು ಉದಗೀರ ಕಡೆಯ ಸದಸ್ಯರೂ ಕೊಟ್ಟರೆ ಅವರ ಊರಿನದೂ ಒಂದು ಹಾಳೆ ತಯಾರಾಗುತ್ತದೆ. ಚೀಟಿಗಳನ್ನು ಸಂಘದ ಕೋಣೆಯ ಕಿಟಕಿಯ ಪೆಟ್ಟಿಗೆಯಲ್ಲಿ ಹಾಕಬಹುದು. ಪ್ರವಾಸದ ದಿನ ಸೂಚಿಸುವವರು ಇದನ್ನು ನೆನಪಿಡಿ: ಹೈದರಾಬಾದಿನ ಮೃಗಾಲಯಕ್ಕೆ ಸೋಮವಾರ ರಜೆ, ಕರ್ನಾಟಕದ ಮೃಗಾಲಯಗಳಿಗೆ ಮಂಗಳವಾರ. ಹಬ್ಬದ ವಾರದಲ್ಲಿ ಇದು ಬದಲಾಗುವುದುಂಟು, ಆದ್ದರಿಂದ ಹೊರಡುವ ಮುನ್ನಾದಿನ ನಾವೇ ಫೋನ್ ಮಾಡಿ ಕೇಳಿ ಗುಂಪಿಗೆ ತಿಳಿಸುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ